ಬೇರೆ ತೆಗೆದಿಟ್ಟ ಒಣದ್ರಾಕ್ಷಿಯಿಂದ ಓಟ್ಸ್ ಬಾರ್

ಕಳೆದ ವರ್ಷ ದ್ರಾಕ್ಷಿ ಹಂಗಾಮು ಮುಗಿದ ಮೇಲೆ ಒಂದು ಸಂಜೆ ನನ್ನ ತಮ್ಮ ಅಂಗಡಿಯಲ್ಲಿ ಓಟ್ಸ್ ಬಾರ್ ಬೇಕೆಂದು ಹಟ ಹಿಡಿದ. ಅಬ್ಬಾ ಬೆಲೆ ನೋಡಿ ಪೊಟ್ಟಣವನ್ನು ಮೆಲ್ಲಗೆ ಅಲ್ಲೇ ಇಟ್ಟರು. ಅದರ ಹಿಂದೆ ಬರೆದಿದ್ದ ಸಾಮಗ್ರಿಗಳಲ್ಲಿ ಒಣದ್ರಾಕ್ಷಿಯೂ ಇತ್ತು. ಅಬ್ಬಾ ದುಡಿಯುವುದು ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್‌ನಲ್ಲಿ. ಕಾಳು ಸಣ್ಣದು, ಬಣ್ಣ ಕಪ್ಪು ಎಂದು ಬೇರೆ ತೆಗೆದಿಟ್ಟ ಒಣದ್ರಾಕ್ಷಿ ಆಗ ನಮ್ಮ ಮನೆಯಲ್ಲೇ ಒಂದು ಚೀಲ ಇತ್ತು. ಈ ಪಾಠ ಅಲ್ಲಿಂದ ಶುರುವಾಯಿತು.

ಬಣ್ಣ ಯಾಕೆ ಕಪ್ಪಾಗುತ್ತದೆ?

ಸುಮಾರು 4 ಕೆ.ಜಿ. ದ್ರಾಕ್ಷಿ ಒಣಗಿದರೆ 1 ಕೆ.ಜಿ. ಒಣದ್ರಾಕ್ಷಿ ಸಿಗುತ್ತದೆ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಅಟ್ಟಣೆಗಳ ಮೇಲೆ ಹರಡುತ್ತಾರೆ. ಈ ದ್ರಾವಣ ಸಿಪ್ಪೆಯ ಮೇಲಿನ ಮೇಣದ ಪದರವನ್ನು ಸಡಿಲಿಸುವುದರಿಂದ ಒಳಗಿನ ನೀರು ಬೇಗ ಹೊರಬರುತ್ತದೆ. ಒಣಗುವುದು ತಡವಾದರೆ ಹಣ್ಣಿನ ಕಿಣ್ವಗಳು ಗಾಳಿಯ ಆಮ್ಲಜನಕದೊಂದಿಗೆ ಕೆಲಸ ಮಾಡಿ ಬಣ್ಣ ಕಂದಾಗುತ್ತದೆ. ಕೊಯ್ದಿಟ್ಟ ಸೇಬು ಕಂದಾಗುವುದೂ ಹೀಗೆಯೇ. ಬಣ್ಣ ಕೆಟ್ಟರೆ ಬೆಲೆ ಇಳಿಯುತ್ತದೆ, ಸಿಹಿ ಇಳಿಯುವುದಿಲ್ಲ. "ಹೂರಣದಾಗ ಬಣ್ಣ ಯಾರ್ ನೋಡ್ತಾರ?" ಎಂದರು ಪಕ್ಕದ ಮನೆಯ ಆಯಿ. ಆದರೆ ಬೂಷ್ಟು ಹಿಡಿದದ್ದು, ಹುಳಿ ವಾಸನೆ ಬಂದದ್ದು ಯಾವ ಅಡುಗೆಗೂ ಬೇಡ. ಅದನ್ನು ಎಸೆಯಲೇಬೇಕು.

ಬೇಕಾಗುವ ಸಾಮಗ್ರಿ (16 ತುಂಡುಗಳಿಗೆ)

ಹೂರಣಕ್ಕೆ: ಒಣದ್ರಾಕ್ಷಿ 150 ಗ್ರಾಂ, ಬೀಜ ತೆಗೆದ ಖರ್ಜೂರ 8, ನೀರು ಮುಕ್ಕಾಲು ಕಪ್, ಒಂದು ನಿಂಬೆಹಣ್ಣಿನ ರಸ. ನಮ್ಮ ಜಿಲ್ಲೆಯ ಇಂಡಿ ನಿಂಬೆ ಇದ್ದರೆ ಇನ್ನೂ ಒಳ್ಳೆಯದು.

ಹಿಟ್ಟಿಗೆ: ಓಟ್ಸ್ ಒಂದೂವರೆ ಕಪ್, ಗೋಧಿ ಹಿಟ್ಟು 1 ಕಪ್, ಬೆಲ್ಲದ ಪುಡಿ ಅರ್ಧ ಕಪ್, ಕರಗಿಸಿದ ತುಪ್ಪ ಅರ್ಧ ಕಪ್, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಸೋಡಾ ಬೇಡ, ಇದು ಉಬ್ಬಬೇಕಾದ ತಿಂಡಿಯಲ್ಲ.

ಮಾಡುವ ವಿಧಾನ

1. ಒಣದ್ರಾಕ್ಷಿಯನ್ನು ಎರಡು ಸಲ ತೊಳೆಯಿರಿ. ಖರ್ಜೂರ, ನೀರು ಸೇರಿಸಿ ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ. ಮೆತ್ತಗಾದ ಮೇಲೆ ಮಸೆದು ನಿಂಬೆರಸ ಹಾಕಿ. ಸೌಟಿನಿಂದ ಗೆರೆ ಎಳೆದರೆ ಅದು ಕೂಡಿಕೊಳ್ಳಬಾರದು. ಅಲ್ಲಿಯವರೆಗೆ ಒಲೆಯ ಮೇಲಿರಲಿ. ನಂತರ ಆರಿಸಿ.

2. ಓಟ್ಸ್, ಹಿಟ್ಟು, ಬೆಲ್ಲ, ಉಪ್ಪು, ಏಲಕ್ಕಿ ಬೆರೆಸಿ ತುಪ್ಪ ಹಾಕಿ ಬೆರಳಿನಿಂದ ತಿಕ್ಕಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ತೀರಾ ಉದುರಿದರೆ ಒಂದೆರಡು ಚಮಚ ಹಾಲು ಚಿಮುಕಿಸಿ.

3. ತುಪ್ಪ ಸವರಿದ ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಿಟ್ಟನ್ನು ವಾಟಿಯ ತಳದಿಂದ ಗಟ್ಟಿಯಾಗಿ ಒತ್ತಿ. ಅದರ ಮೇಲೆ ಹೂರಣ ಹರಡಿ, ಉಳಿದ ಹಿಟ್ಟು ಉದುರಿಸಿ, ಹಗುರವಾಗಿ ಒತ್ತಿ.

4. ಓವನ್ ಇದ್ದರೆ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರಿಂದ 35 ನಿಮಿಷ. ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಎರಡು ಕಪ್ ಉಪ್ಪು ಹರಡಿ, ನಡುವೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ. ಡಬ್ಬಿಯನ್ನು ಸ್ಟ್ಯಾಂಡ್ ಮೇಲಿಟ್ಟು ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿ. ಕುಕ್ಕರ್ ಬಳಸುವುದಾದರೆ ಸೀಟಿ ಮತ್ತು ರಬ್ಬರ್ ಎರಡನ್ನೂ ಮೊದಲೇ ತೆಗೆದಿಡಿ, ಒಳಗೆ ನೀರು ಹಾಕಬೇಡಿ. ಒಲೆಯ ಮೇಲೆ ಬೇಯಿಸಿದಾಗ ಮೇಲ್ಭಾಗ ಅಷ್ಟು ಕೆಂಪಾಗುವುದಿಲ್ಲ. ಅಂಚು ಕೆಂಪಾಗಿ ಡಬ್ಬಿ ಬಿಟ್ಟರೆ ಸಾಕು.

5. ಪೂರ್ತಿ ಆರುವವರೆಗೆ, ಕನಿಷ್ಠ ಒಂದೂವರೆ ತಾಸು, ಕೊಯ್ಯಬೇಡಿ.

ಯಾಕೆ ಹೀಗೆ?

ಮೊದಲ ಸಲ ನನ್ನ ಹೂರಣ ನೀರಾಗಿತ್ತು. ಅವಸರದಲ್ಲಿ ಬಿಸಿಯಿದ್ದಾಗಲೇ ಕೊಯ್ದೆ. ಎಲ್ಲ ಪುಡಿಯಾಗಿ, ಕೊನೆಗೆ ಚಮಚದಲ್ಲಿ ತಿಂದೆವು. ಆಯಿ ನೋಡಿ, "ಹೂರಣ ನೀರಾದ್ರ ಹೋಳಿಗಿ ಒಡಿತೈತಿ. ಇದಕ್ಕೂ ಅದೇ ಕಾಯ್ದೆ, ಯವ್ವಾ" ಎಂದರು. ಹೂರಣದ ಹೆಚ್ಚಿನ ನೀರು ಕೆಳಗಿನ ಹಿಟ್ಟಿಗೆ ಇಳಿದು ಅದನ್ನು ಹಸಿಯಾಗಿಸುತ್ತದೆ. ಬಿಸಿಯಿದ್ದಾಗ ತುಪ್ಪ, ಬೆಲ್ಲ ಎರಡೂ ದ್ರವರೂಪದಲ್ಲಿರುತ್ತವೆ. ಆರಿದ ಮೇಲೆಯೇ ಅವು ಗಟ್ಟಿಯಾಗಿ ಎಲ್ಲವನ್ನೂ ಹಿಡಿದಿಡುತ್ತವೆ.

ತುಪ್ಪವನ್ನು ಮೊದಲು ತಿಕ್ಕುವುದಕ್ಕೂ ಕಾರಣವಿದೆ. ತುಪ್ಪ ಸುತ್ತಿಕೊಂಡ ಹಿಟ್ಟಿನ ಕಣಕ್ಕೆ ನೀರು ಸುಲಭವಾಗಿ ತಾಗದು, ಆದ್ದರಿಂದ ಗ್ಲುಟೆನ್ ಜಾಸ್ತಿ ಬೆಳೆಯುವುದಿಲ್ಲ. ಶಂಕರಪೋಳಿ ಗರಿಗರಿಯಾಗುವುದೂ ಇದರಿಂದಲೇ. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಹಾಗಾಗಿ ಗೋಧಿಯ ಬದಲು ಅರ್ಧದಷ್ಟು ಮಾತ್ರ ಜೋಳ ಹಾಕಿ, ಪೂರ್ತಿ ಹಾಕಿದರೆ ಬಾರ್ ನಿಲ್ಲದು.

ಒಂದು ಮಾತು ನೆನಪಿರಲಿ. ಓಟ್ಸ್‌ನಲ್ಲಿ ಬೀಟಾ-ಗ್ಲೂಕನ್ ಎಂಬ ಒಳ್ಳೆಯ ನಾರಿನಂಶವಿದೆ. ಆದರೆ ಬೆಲ್ಲ, ಖರ್ಜೂರ, ಒಣದ್ರಾಕ್ಷಿ ಎಲ್ಲವೂ ಸಕ್ಕರೆಯೇ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ "ಇದು ಆರೋಗ್ಯದ ತಿಂಡಿ" ಎಂದು ಒತ್ತಾಯಿಸಬೇಡಿ.

ನೀವೂ ಮಾಡಿ ನೋಡಿ

ಬೇಯಿಸುವ ಮೊದಲು, ಆರಿದ ಮೇಲೆ ಡಬ್ಬಿಯನ್ನು ತೂಗಿ. ವ್ಯತ್ಯಾಸವೇ ಆವಿಯಾದ ನೀರು. ಸಾಮಗ್ರಿ, ಗ್ಯಾಸ್ ಎರಡರ ಖರ್ಚನ್ನೂ ಕೂಡಿಸಿ ಒಂದು ತುಂಡಿಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿ ಅಂಗಡಿಯ ಬೆಲೆಯೊಂದಿಗೆ ಹೋಲಿಸಿ.

ಮೂರನೆಯ ಸಲ ಬಾರ್ ಸರಿಯಾಗಿ ಬಂತು. ತಮ್ಮ ನಾಲ್ಕು ತಿಂದ. ಅಬ್ಬಾ ಉಳಿದವನ್ನು ಶೆಡ್‌ಗೆ ಒಯ್ದರು. "ಇದು ಯಾವ ನಂಬರಿನ ಮಾಲು?" ಎಂದು ಅಲ್ಲಿ ಒಬ್ಬರು ಕೇಳಿದರಂತೆ. ಅಬ್ಬಾ ನಕ್ಕು, "ನೀವು ಬೇರೆ ತೆಗೆದಿಟ್ಟದ್ದೇ" ಎಂದರಂತೆ.