ಸ್ಥಳನಾಮಗಳ ಗಣಕ ಹುಡುಕಾಟ: ‘ಪುರ’ ವಾರ್ಗಿಕದ ಒಂದು ಸಮಸ್ಯೆ

ಊರ ಹೆಸರುಗಳನ್ನು ವಾರ್ಗಿಕಗಳ ಆಧಾರದ ಮೇಲೆ ವಿಂಗಡಿಸುವುದು ಸ್ಥಳನಾಮ ಅಧ್ಯಯನದ ಮೊದಲ ಹೆಜ್ಜೆ. ಚೀಟಿಗಳಲ್ಲಿ ನಡೆಯುತ್ತಿದ್ದ ಈ ಕಾರ್ಯವನ್ನು ಇಂದು ಗಣಕದ ಕಿರು ಪ್ರೋಗ್ರಾಮುಗಳಿಗೂ ಒಪ್ಪಿಸಲಾಗುತ್ತದೆ. ಪ್ರೋಗ್ರಾಮು ಯಾವ ದೋಷವನ್ನೂ ಸೂಚಿಸದೆ ಕೆಲವು ಹೆಸರುಗಳನ್ನು ಕೈಬಿಟ್ಟರೆ, ವಾರ್ಗಿಕದ ವ್ಯಾಪ್ತಿಯನ್ನು ಕುರಿತ ನಿರ್ಣಯವೇ ತಪ್ಪಾಗುತ್ತದೆ.

ಬೆಂಗಳೂರಿನ ನಾಲ್ಕು ಹೆಸರುಗಳನ್ನು ಉದಾಹರಣೆಯಾಗಿ ಪರಿಶೀಲಿಸಬಹುದು: ಅಂಜನಾಪುರ, ಅದರ ಸಮೀಪದ ತಲಘಟ್ಟಪುರ, ಕೃಷ್ಣರಾಜಪುರ, ಯಶವಂತಪುರ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ‘ಪುರ’ ಎಂಬ ರೆಗ್ಯುಲರ್ ಎಕ್ಸ್‌ಪ್ರೆಷನ್ನನ್ನು, ಅಂದರೆ ಹುಡುಕುವ ಸೂತ್ರವನ್ನು, ‘ಜಿ’ ಎಂಬ ಗುರುತಿನೊಡನೆ ಲೂಪಿನ ಹೊರಗೆ ಒಮ್ಮೆ ರಚಿಸಿ, ಒಳಗೆ ಒಂದೊಂದು ಹೆಸರಿಗೂ ‘ಟೆಸ್ಟ್’ ವಿಧಾನದಿಂದ ಅನ್ವಯಿಸಿದರೆ ಎರಡೇ ಹೆಸರುಗಳು ದೊರೆಯುತ್ತವೆ. ತಲಘಟ್ಟಪುರವೂ ಯಶವಂತಪುರವೂ ಬಿಟ್ಟುಹೋಗುತ್ತವೆ. ಅದೇ ನಾಲ್ಕನ್ನು ಅಕಾರಾದಿಯಾಗಿ ಜೋಡಿಸಿದರೆ ಮೂರು ದೊರೆಯುತ್ತವೆ! ಹೆಸರುಗಳು ಬದಲಾಗಿಲ್ಲ, ಅನುಕ್ರಮ ಮಾತ್ರ ಬದಲಾಗಿದೆ.

‘ಜಿ’ ಗುರುತುಳ್ಳ ಸೂತ್ರವು ಹಿಂದಿನ ಹುಡುಕಾಟ ಎಲ್ಲಿ ಮುಗಿಯಿತೆಂಬುದನ್ನು ‘ಲಾಸ್ಟ್‌ಇಂಡೆಕ್ಸ್’ ಎಂಬಲ್ಲಿ ಉಳಿಸಿಕೊಳ್ಳುವುದೇ ಇದಕ್ಕೆ ಕಾರಣ. ಅಂಜನಾಪುರ ಓದುಗರ ಕಣ್ಣಿಗೆ ಐದು ಅಕ್ಷರ. ಯೂನಿಕೋಡಿನಲ್ಲಿ ಅನುಸ್ವಾರ ಹಾಗೂ ಸ್ವರಚಿಹ್ನೆಗಳೂ ಪ್ರತ್ಯೇಕವಾಗಿ ಎಣಿಕೆಯಾಗಿ ಎಂಟು ಸಂಕೇತ. ಆದ್ದರಿಂದ ಮುಂದಿನ ಹೆಸರಿನಲ್ಲಿ ಮೊದಲ ಎಂಟು ಸಂಕೇತಗಳನ್ನು ದಾಟಿದ ಮೇಲೆಯೇ ಹುಡುಕಾಟ ಆರಂಭವಾಗುತ್ತದೆ. ಒಂಬತ್ತು ಸಂಕೇತಗಳ ತಲಘಟ್ಟಪುರದಲ್ಲಿ ಆಗ ಉಳಿಯುವುದು ಕೊನೆಯ ‘ರ’ ಒಂದೇ. ಹುಡುಕಾಟ ವಿಫಲವಾಗಿ ಎಣಿಕೆ ಸೊನ್ನೆಗೆ ಮರಳುವುದರಿಂದ ಕೃಷ್ಣರಾಜಪುರ ದೊರೆಯುತ್ತದೆ. ಅದರ ಹನ್ನೊಂದು ಸಂಕೇತಗಳ ಎಣಿಕೆ ಉಳಿದು ಯಶವಂತಪುರ ತಪ್ಪಿಹೋಗುತ್ತದೆ. ಅಕಾರಾದಿಯಲ್ಲಾದರೋ ಅಂಜನಾಪುರದ ನಂತರ ಬರುವುದು ಕೃಷ್ಣರಾಜಪುರ. ‘ಕೃಷ್ಣರಾಜ’ ಎಂಬ ಪೂರ್ವಪದಕ್ಕೂ ಸರಿಯಾಗಿ ಎಂಟೇ ಸಂಕೇತಗಳಿರುವುದರಿಂದ ಅದು ಆಕಸ್ಮಿಕವಾಗಿ ಉಳಿದುಕೊಳ್ಳುತ್ತದೆ. ಇಂತಹ ಆಕಸ್ಮಿಕಗಳೇ ದೋಷವನ್ನು ಹೆಚ್ಚು ಕಾಲ ಮರೆಮಾಡುತ್ತವೆ.

ಪರಿಹಾರ ಸರಳ. ವಾರ್ಗಿಕ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯಲು ‘ಜಿ’ ಅನಗತ್ಯ. ಅದನ್ನು ತೆಗೆದುಹಾಕಬೇಕು, ಇಲ್ಲವೇ ಪ್ರತಿ ಸುತ್ತಿನಲ್ಲೂ ಎಣಿಕೆಯನ್ನು ಸೊನ್ನೆಗೆ ತರಬೇಕು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಇದೇ ಸೂತ್ರ ‘ಪುರುಷ’, ‘ಪುರಾಣ’ಗಳಲ್ಲೂ ‘ಪುರ’ವನ್ನು ಕಾಣುತ್ತದೆ. ಗುಣಿತಾಕ್ಷರವಾದ ‘ರು’ ಕನ್ನಡಿಗರಿಗೆ ಅಖಂಡವಾದ ಒಂದು ಅಕ್ಷರ. ಯಂತ್ರಕ್ಕೆ ಅದು ‘ರ’ ಮತ್ತು ಉಕಾರದ ಚಿಹ್ನೆ. ‘ಪುರ’ದ ನಂತರ ಸಂಯೋಜಕ ಚಿಹ್ನೆ ಇರಬಾರದೆಂಬ ನಿಬಂಧನೆಯನ್ನು ಸೇರಿಸಬಹುದು; ಯೂನಿಕೋಡ್ ವರ್ಗಗಳನ್ನು ಸೂತ್ರದಲ್ಲಿ ಹೆಸರಿಸುವ ಸೌಲಭ್ಯ ಜಾವಾಸ್ಕ್ರಿಪ್ಟಿಗೆ 2018ರ ಆವೃತ್ತಿಯಲ್ಲಿ ಬಂದಿತು. ಆಗ ‘ಅಂಜನಾಪುರದ ಕೆರೆ’ ಉಳಿಯುತ್ತದೆ, ‘ಪುರಾಣ’ ಹೊರಹೋಗುತ್ತದೆ. ‘ಪುರಸ್ಕಾರ’ ಮಾತ್ರ ಇನ್ನೂ ಒಳಗೇ ಇರುತ್ತದೆ. ಅದನ್ನು ಬೇರ್ಪಡಿಸಲು ಪದವಿಭಾಗ ಬಲ್ಲವರೇ ಪಟ್ಟಿಯನ್ನು ಓದಬೇಕು.