ಕೇಂದ್ರ ಕೈಗೆ ಸಿಗದಿದ್ದರೂ ತ್ರಿಜ್ಯ ಸಿಗುತ್ತದೆ

ಶಾಲೆಯ ಪುಸ್ತಕದಲ್ಲಿ ವೃತ್ತದ ನಡುವೆ ಚುಕ್ಕೆ ಮೊದಲೇ ಇರುತ್ತದೆ. ಕೆಜಿಎಫ್‌ನ ಚಿನ್ನದ ಗಣಿಯ ಬಾಯಿಯ ಮೇಲೆ ನಿಂತ ಹೆಡ್‌ಗೇರ್ ಗೋಪುರದ ಗಾಲಿಗೆ, ಬಂಗಾರಪೇಟೆಯ ಹೊಲದ ದುಂಡು ಬಾವಿಗೆ, ಮಾರಿಕುಪ್ಪಂ ಕಡೆಗೆ ಹೊರಳುವ ರೈಲು ಹಳಿಗೆ ಆ ಚುಕ್ಕೆ ಇಟ್ಟವರಿಲ್ಲ. ಒಂದರ ಕೇಂದ್ರ ಆಕಾಶದಲ್ಲಿದೆ, ಇನ್ನೊಂದರದು ನೀರಿನ ಮೇಲೆ, ಮತ್ತೊಂದರದು ಯಾರದೋ ಜಮೀನಿನಲ್ಲಿ. ಆದ್ದರಿಂದ ಮೊದಲು ನೋಡಬೇಕಾದದ್ದು ಒಂದೇ: ವೃತ್ತದ ಯಾವ ಭಾಗ ನಿಮ್ಮ ಟೇಪಿಗೆ ಎಟಕುತ್ತದೆ?

ಪೂರ್ತಿ ಎಟಕಿದರೆ ಕೆಲಸ ಸುಲಭ. ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಎರಡು–ನಾಲ್ಕು ಅಳತೆಯ ಬಳೆ ಕೇಳಿದರೆ, ಒಳವ್ಯಾಸ 2 ಇಂಚು ಮತ್ತು ಇಂಚಿನ ಹದಿನಾರು ಭಾಗಗಳಲ್ಲಿ ನಾಲ್ಕು, ಅಂದರೆ 2.25 ಇಂಚು. ಅದರ ಅರ್ಧ 1.125 ಇಂಚು, ಸುಮಾರು 28.6 ಮಿ.ಮೀ. ಅದೇ ತ್ರಿಜ್ಯ.

ಬಾವಿಯ ಕಟ್ಟೆಗೆ ದಾರ ಸುತ್ತಿ. ದಾರ ಎಲ್ಲೂ ಜಗ್ಗಬಾರದು, ಒಂದೇ ಮಟ್ಟದಲ್ಲಿರಬೇಕು. ಬಂದ ಉದ್ದವನ್ನು 7ರಿಂದ ಗುಣಿಸಿ 44ರಿಂದ ಭಾಗಿಸಿ. ಸುತ್ತಳತೆ 8.8 ಮೀಟರ್ ಆದರೆ ತ್ರಿಜ್ಯ 1.4 ಮೀಟರ್. ಇದು ಕಟ್ಟೆಯ ಹೊರಮೈಯದು. ನೀರಿನ ಲೆಕ್ಕಕ್ಕೆ ಒಳತ್ರಿಜ್ಯ ಬೇಕು. ಗೋಡೆಯ ದಪ್ಪವನ್ನು ಒಮ್ಮೆ ಮಾತ್ರ ಕಳೆಯಿರಿ. ಇಲ್ಲಿ ಎರಡು ಸಲ ಕಳೆಯುವವರೇ ಹೆಚ್ಚು. ಎರಡು ಸಲ ಕಳೆಯುವುದು ವ್ಯಾಸಕ್ಕೆ.

ಚಪ್ಪಟೆ ಮುಚ್ಚಳ, ತಗಡಿನ ಬಿಲ್ಲೆಗಳಿಗೆ ಒಂದು ಹಾಳೆ ಸಾಕು. ಹಾಳೆಯ ಮೂಲೆಯನ್ನು ಅಂಚಿಗೆ ತಾಗಿಸಿ ಇಡಿ. ಮೂಲೆಯ ಎರಡು ಬದಿಗಳು ವೃತ್ತವನ್ನು ದಾಟುವ ಜಾಗಗಳನ್ನು ಗುರುತು ಮಾಡಿ ಸೇರಿಸಿದರೆ ಅದು ವ್ಯಾಸ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯದ ಬಲ ಇದು. ಬೇರೊಂದು ಜಾಗದಿಂದ ಇನ್ನೊಂದು ವ್ಯಾಸ ಎಳೆಯಿರಿ. ಎರಡೂ ಕೂಡುವಲ್ಲಿ ಕೇಂದ್ರ.

ನಿಜವಾದ ಕಷ್ಟ ಶುರುವಾಗುವುದು ವೃತ್ತದ ಚೂರು ಮಾತ್ರ ಇದ್ದಾಗ: ಹಳೆ ಕಟ್ಟಡದ ಕಮಾನು, ಮುರಿದ ಗಾಲಿಯ ಅಂಚು. ಕಂಸದ ಎರಡು ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ, ಇದು ಜ್ಯಾ. ದಾರದ ಸರಿಮಧ್ಯದಿಂದ ಕಂಸಕ್ಕೆ ಲಂಬವಾಗಿ ಎಷ್ಟು ಎತ್ತರವಿದೆ ಅಳೆಯಿರಿ, ಇದು ಶರ. 499ರ ಆರ್ಯಭಟೀಯದಲ್ಲೇ ಈ ನಿಯಮವಿದೆ: ಅರ್ಧ ಜ್ಯಾದ ವರ್ಗವು, ಶರವನ್ನು ವ್ಯಾಸದ ಉಳಿದ ಭಾಗದಿಂದ ಗುಣಿಸಿದ್ದಕ್ಕೆ ಸಮ. ಅದನ್ನೇ ತಿರುಗಿಸಿದರೆ ಹೀಗೆ:

ತ್ರಿಜ್ಯ = (ಜ್ಯಾ × ಜ್ಯಾ) ÷ (8 × ಶರ) + ಶರ ÷ 2

ಜ್ಯಾ 60 ಸೆಂ.ಮೀ., ಶರ 5 ಸೆಂ.ಮೀ. ಎಂದಿರಲಿ. 3600ನ್ನು 40ರಿಂದ ಭಾಗಿಸಿದರೆ 90, ಅದಕ್ಕೆ 2.5 ಕೂಡಿಸಿದರೆ ತ್ರಿಜ್ಯ 92.5 ಸೆಂ.ಮೀ. ಈಗ ಶರವನ್ನು ತಪ್ಪಾಗಿ 4.5 ಎಂದು ಓದಿದಿರಿ ಅನ್ನಿ: ಉತ್ತರ 102.25ಕ್ಕೆ ಹಾರುತ್ತದೆ. ಅರ್ಧ ಸೆಂಟಿಮೀಟರ್ ತಪ್ಪಿಗೆ ಸುಮಾರು ಹತ್ತು ಸೆಂಟಿಮೀಟರ್ ದಂಡ! ಅದೇ ವೃತ್ತದಲ್ಲಿ ಜ್ಯಾ 120 ಸೆಂ.ಮೀ. ಹಿಡಿದರೆ ಶರ 22.1 ಬರುತ್ತದೆ. ಅಲ್ಲೂ ಅರ್ಧ ಸೆಂಟಿಮೀಟರ್ ಕಡಿಮೆ ಓದಿದರೆ ಉತ್ತರ ಕೆಡುವುದು ಒಂದೂವರೆ ಸೆಂಟಿಮೀಟರಿನಷ್ಟು ಮಾತ್ರ. ಹಾಗಾಗಿ ಕಂಸ ಎಷ್ಟು ಉದ್ದ ಸಿಗುತ್ತದೋ ಅಷ್ಟನ್ನೂ ಬಳಸಿ. ಶರವನ್ನು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಜ್ಯಾಕ್ಕಿಂತ ಅದಕ್ಕೇ ಹೆಚ್ಚು ಜಾಗ್ರತೆ ಬೇಕು.

ರೈಲ್ವೆಯವರು ತಿರುವುಗಳನ್ನು ತಪಾಸಣೆ ಮಾಡುವುದೂ ಹೀಗೆಯೇ. ಅವರು ಶರವನ್ನು ವರ್ಸೈನ್ ಅನ್ನುತ್ತಾರೆ. ಹೊರಹಳಿಯ ಒಳಅಂಚಿಗೆ 20 ಮೀಟರ್ ದಾರ ಹಿಡಿದು, ನಡುವೆ ಮಿಲಿಮೀಟರ್‌ನಲ್ಲಿ ಅಳೆದು, 50,000ವನ್ನು ಆ ಸಂಖ್ಯೆಯಿಂದ ಭಾಗಿಸುತ್ತಾರೆ. ವರ್ಸೈನ್ 100 ಬಂದರೆ ತ್ರಿಜ್ಯ 500 ಮೀಟರ್. ಶರ ತೀರಾ ಚಿಕ್ಕದಾದ್ದರಿಂದ ಅದರ ಅರ್ಧವನ್ನು ಕೂಡಿಸುವ ಗೊಡವೆ ಇಲ್ಲ. ನೀವು ಮಾತ್ರ ಹಳಿಗೆ ಇಳಿಯಬೇಡಿ. ಅದು ಅಪರಾಧ, ಪ್ರಾಣಕ್ಕೂ ಅಪಾಯ. ಶಾಲೆಯ ಮೈದಾನದಲ್ಲಿ ಸುಣ್ಣದಿಂದ ದೊಡ್ಡ ತಿರುವು ಎಳೆದು ಮಕ್ಕಳಿಂದ ಅಳೆಸಿ.

ಇನ್ನು ಮೊದಲು ಹೇಳಿದ ಹೆಡ್‌ಗೇರ್ ಗಾಲಿ. ಕೆಜಿಎಫ್‌ನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಹಳೆಯ ಶಾಫ್ಟ್‌ಗಳ ಹತ್ತಿರ ಯಾರೂ ಸುಳಿಯಬಾರದು. ಹೆಡ್‌ಗೇರ್ ಗಾಲಿಯ ತ್ರಿಜ್ಯ ಬೇಕಿದ್ದರೆ ರಸ್ತೆಯಿಂದಲೇ, ಆದಷ್ಟು ದೂರದಿಂದ ಜೂಮ್ ಮಾಡಿ ಫೋಟೊ ತೆಗೆಯಿರಿ. ಓರೆಯಿಂದ ತೆಗೆದರೆ ಗಾಲಿ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಆಗ ಅತಿ ಉದ್ದದ ಅಡ್ಡಳತೆಯನ್ನೇ ವ್ಯಾಸವೆಂದು ಹಿಡಿಯಿರಿ. ಅರ್ಧ ಗಾಲಿ ಮರೆಯಾಗಿದ್ದು ಫೋಟೊ ನೇರವಾಗಿದ್ದರೆ ಮೇಲಿನ ಜ್ಯಾ–ಶರ ಲೆಕ್ಕ ಫೋಟೊದ ಮೇಲೂ ನಡೆಯುತ್ತದೆ. ನಂತರ ಅಳತೆ ಗೊತ್ತಿರುವ ಒಂದು ವಸ್ತುವಿನೊಂದಿಗೆ ಹೋಲಿಸಿ ನಿಜ ಗಾತ್ರಕ್ಕೆ ಹಿಗ್ಗಿಸಬೇಕು. ಆ ವಸ್ತು ಗಾಲಿಯಷ್ಟೇ ದೂರದಲ್ಲಿರಬೇಕು; ಮುಂದೆ ನಿಂತ ಗೆಳೆಯನ ಎತ್ತರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.