ನಮ್ಮ ಬಾವುಟದ ಬಣ್ಣವೂ ಬಟ್ಟೆಯೂ



ಚೊಳಚಗುಡ್ಡದಿಂದ ಬರುವ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಬನಶಂಕರಿಯ ಜಾತ್ರೆಯಲ್ಲಿ ಕೊಂಡ ಕಾಗದದ ಬಾವುಟವನ್ನು ಹಿಡಿದು ಬಂದು, “ಅಕ್ಕೋರೇ, ಕೇಸರಿ ಹಿಂದೂಗಳದು, ಹಸುರು ಮುಸಲ್ಮಾನರದು ಅಂತಾರ, ಹಂಗಾದರ ನಮ್ಮ ಬಣ್ಣ ಯಾವುದರೀ?” ಎಂದು ಕೇಳಿದಳು. ಈ ಮಾತನ್ನು ಆಕೆಯು ಮನೆಯಲ್ಲಿ ಕೇಳಿದ್ದಳಂತೆ. ಆದುದರಿಂದ ಉತ್ತರವನ್ನು ಮನೆಗಳಿಗೇ ಬರೆಯುವದು ಲೇಸೆಂದು ತೋರಿತು.

ಮಾತು ಪೂರ್ಣ ಸುಳ್ಳಲ್ಲ, ಹಳೆಯದಾಗಿ ಹೋದುದು. 1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಯವರಿಗೆ ಒಪ್ಪಿಸಿದ ಬಾವುಟದಲ್ಲಿ ಕೆಂಪು, ಹಸುರು ಎಂಬ ಎರಡೇ ಬಣ್ಣಗಳು ಎರಡು ದೊಡ್ಡ ಸಮಾಜಗಳ ಗುರುತಾಗಿದ್ದವು. ಉಳಿದವರಿಗಾಗಿ ಬಿಳುಪನ್ನು ಗಾಂಧೀಜಿಯವರು ಸೇರಿಸಿದರು. ಆದರೆ ಮತಕ್ಕೊಂದು ಬಣ್ಣವೆಂದ ಬಳಿಕ ಪಾಲಿನ ಪ್ರಶ್ನೆಯು ಹುಟ್ಟದಿರುವದೇ? ತಮ್ಮ ಬಣ್ಣವೆಲ್ಲಿ ಎಂದು ಸಿಖ್ಖರೂ ಕೇಳಿದರು. ಕಡೆಗೆ 1931ರಲ್ಲಿ ಕಾಂಗ್ರೆಸ್ಸು ಕೆಂಪಿನ ಸ್ಥಳದಲ್ಲಿ ಕೇಸರಿಯನ್ನಿಟ್ಟು, ಬಣ್ಣಗಳಿಗೆ ಯಾವ ಮತದ ಅರ್ಥವೂ ಇಲ್ಲವೆಂದು ನಿರ್ಣಯಿಸಿತು.

1947ನೆಯ ಜುಲೈ 22ರಂದು ಸಂವಿಧಾನ ಸಭೆಯು ಈಗಿನ ಧ್ವಜವನ್ನು ಅಂಗೀಕರಿಸಿತು. ಕೇಸರಿಯು ತ್ಯಾಗ, ಬಿಳುಪು ಸತ್ಯದ ಬೆಳಕು, ಹಸುರು ನಾವು ಬದುಕುವ ಮಣ್ಣಿನ ನಂಟು ಎಂದು ರಾಧಾಕೃಷ್ಣನ್ ಅವರು ಸಭೆಯಲ್ಲಿ ವಿವರಿಸಿದರು. ಚರಕವಾದರೋ ಹಿಂಬದಿಯಿಂದ ತಿರುಗುಮುರುಗಾಗಿ ಕಾಣುವದು. ಚಕ್ರವು ಎರಡೂ ಬದಿಗೆ ಒಂದೇ. ಆದಕಾರಣ ಸಾರನಾಥದ ಸ್ತಂಭದಿಂದ ಅಶೋಕನ ಚಕ್ರವನ್ನು ತೆಗೆದುಕೊಂಡರು. (ಆ ಅರಸನ ಹೆಸರನ್ನೇ ಹೇಳುವ ಶಾಸನವು 1915ರಲ್ಲಿ ದೊರೆತದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಮಕ್ಕಳು ಅದನ್ನೊಮ್ಮೆ ನೋಡಬೇಕು.)

ಬಣ್ಣದ ಮಾತು ಇಷ್ಟು. ನನಗೆ ಇದಕ್ಕಿಂತ ರುಚಿಸುವದು ಬಟ್ಟೆಯ ಸಂಗತಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ, ರಾಷ್ಟ್ರಧ್ವಜಗಳು ಸಿದ್ಧವಾಗುವವು; ಹೊಲಿಯುವವರಲ್ಲಿ ಹೆಚ್ಚಿನವರು ಸ್ತ್ರೀಯರು. ಅದಕ್ಕೆ ಬೇಕಾದ ಖಾದಿಯು ನೇಯ್ದು ಬರುವದು ನಮ್ಮದೇ ಜಿಲ್ಲೆಯ ತುಳಸಿಗೇರಿಯಿಂದ. ಆ ಬಟ್ಟೆಯನ್ನು ಬಿಳುಪುಮಾಡಿ, ಮೂರು ಪಾಲು ಮಾಡಿ, ಬಣ್ಣ ಹಾಕುವರು. ಕೇಸರಿಯೂ ಹಸುರೂ ಬಿಳಿಯೂ ಒಂದೇ ಮಗ್ಗದಿಂದ ಇಳಿದ ಬಟ್ಟೆಯಾಗಿರಬಹುದು! ಬಳಿಕ ಸಮ ಅಗಲದ ಪಟ್ಟಿಗಳನ್ನು ಜೋಡಿಸಿ ಹೊಲಿಯುವರು. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ಅತಿ ದೊಡ್ಡದು 6300 ಮಿಲಿಮೀಟರು ಉದ್ದ, ಅತಿ ಚಿಕ್ಕದು 150. 2021ರ ತಿದ್ದುಪಡಿಯಿಂದ ಪಾಲಿಯೆಸ್ಟರಿಗೂ ಯಂತ್ರಕ್ಕೂ ಅನುಮತಿ ದೊರೆಯಿತು. ಬಾವುಟ ಅಗ್ಗವಾಯಿತು, ನಿಜ. ನೂಲುವವಳ ಕೂಲಿಯನ್ನು ನೆನೆದರೆ ನನಗೆ ಸಮಾಧಾನವಿಲ್ಲ.

ಇದನ್ನೆಲ್ಲ ಬಾಲಕಿಗೆ ಹೇಳಿ, ಆಕೆಯ ಬಾವುಟದ ಚಕ್ರದಲ್ಲಿ ಅರಗಳನ್ನು, ಅಂದರೆ ಕಡ್ಡಿಗಳನ್ನು, ಎಣಿಸಿದೆವು. ಹದಿನಾರೇ ಇದ್ದವು. ಮರುದಿನ ಆಕೆಯು ಕೋನಮಾಪಕವನ್ನು ತಂದು, 15 ಡಿಗ್ರಿಗೊಂದರಂತೆ ಇಪ್ಪತ್ತನಾಲ್ಕನ್ನೂ ಎಳೆದು ನನಗೆ ತೋರಿಸಿದಳು.